ವಲ್ಲಿ ಕೆಳಗಿನ ಇತಿಹಾಸ

ದೇವದುರ್ಗದ ದನದ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವವನನ್ನು ಯಾರೂ ದಲ್ಲಾಳಿ ಎಂದು ಕರೆಯುತ್ತಿರಲಿಲ್ಲ. ಅಲ್ಲಿ ಬೆಲೆ ಮಾತಾಡುವುದು ಕೈ. ಕೊಳ್ಳುವವನೂ ದಲ್ಲಾಳಿಯೂ ಎದುರುಬದುರು ನಿಂತು, ಹೆಗಲ ಮೇಲಿನ ವಲ್ಲಿಯನ್ನು ಇಬ್ಬರ ಕೈಗಳ ಮೇಲೂ ಇಳಿಬಿಟ್ಟು, ಅದರ ಕೆಳಗೆ ಬೆರಳು ಹಿಡಿಯಬೇಕು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಐದನ್ನೂ ಸೇರಿಸಿ ಹಿಡಿದರೆ ಐದು. ಐದನ್ನು ಹಿಡಿದುಬಿಟ್ಟು ಮತ್ತೆ ಒಂದನ್ನು ಹಿಡಿದರೆ ಆರು. ಮುಖದಲ್ಲಿ ಮಾತ್ರ ಏನೂ ಕಾಣಬಾರದು. ಬಾಯಿ ಮಳೆ, ಬೆಳೆ, ಬೀಗರ ಮನೆಯ ಜಗಳ ಅಂತ ಏನೇನೋ ಹರಟುತ್ತಿರಬೇಕು. ಸುತ್ತ ನಿಂತ ಹತ್ತು ಮಂದಿ ಎಷ್ಟೇ ಕತ್ತು ಚಾಚಿದರೂ ಅವರಿಗೆ ಕಾಣುವುದು ವಲ್ಲಿಯ ಅಂಚು ಅಷ್ಟೇ.

ಈ ವಿದ್ಯೆಯಲ್ಲಿ ಗುಲಾಮ್ ದಸ್ತಗೀರ್ ಸಾಬರದು ಎತ್ತಿದ ಕೈ. ದೇವದುರ್ಗ, ಮಾನ್ವಿ, ರಾಯಚೂರು, ಎಲ್ಲಿ ನಾಲ್ಕು ಎತ್ತು ಸೇರಿದರೂ ಅಲ್ಲಿ ಅವರು ಹಾಜರು. ಸಂತೆಯಿಲ್ಲದ ದಿನ ಮಾತ್ರ ಅವರ ಕೈ ಸುಮ್ಮನಿರಲು ಒಪ್ಪುತ್ತಿರಲಿಲ್ಲ. ಆಗ ಎದುರಿಗೆ ಸಿಗುತ್ತಿದ್ದವಳು ಅವರ ಒಬ್ಬಳೇ ಮಗಳು ಲತೀಫಾ. ಮನೆಯೊಳಗೆ ಅವರ ಮಾತು ದಖನಿ ಉರ್ದು. ವಲ್ಲಿ ಹಾಸಿ ಕೈ ಒಳಗೆ ಹೋಯಿತೋ, ಸಂತೆಯ ಕನ್ನಡ ಶುರು. ಆರು ವರ್ಷದ ಹುಡುಗಿ ಅಪ್ಪನ ದೊಡ್ಡ ಬೆರಳುಗಳನ್ನು ತನ್ನ ಪುಟ್ಟ ಮುಷ್ಟಿಯಲ್ಲಿ ಹಿಡಿದು, ಇಲ್ಲದ ಎತ್ತುಗಳಿಗೆ ಬೆಲೆ ಕಟ್ಟುತ್ತಿತ್ತು. ಉಣ್ಣಲು ಕರೆದು ಕರೆದು ಸಾಕಾಗಿ ಅವಳ ಅಮ್ಮಿ ಗುಲ್ಶನ್ ಬೇಗಂ, ಆ ವಲ್ಲಿಯನ್ನೇ ಎಳೆದುಕೊಂಡು ಹೋಗಿ ಒಲೆಯ ಮೇಲಿನ ಬಿಸಿ ಪಾತ್ರೆ ಇಳಿಸುತ್ತಿದ್ದಳು.

ಇಂಥ ಲತೀಫಾ ಎಪ್ಪತ್ತೇಳರಲ್ಲಿ ರಾಯಚೂರಿಗೆ ಬಂದು ಬಿ.ಎ. ಸೇರಿದಳು. ದೇವದುರ್ಗದ ಅವರ ಓಣಿಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ಅವಳು. ದಸ್ತಗೀರ್ ಸಾಬರಿಗೆ ಅದೆಷ್ಟು ಹೆಮ್ಮೆಯೆಂದರೆ, ಎತ್ತಿನ ಹಲ್ಲು ನೋಡಲು ಬಂದವನಿಗೂ ಮೊದಲು "ನಮ್ಮ ಹುಡುಗಿ ಬಿಯೇ ಓದಾಕತ್ತಾಳ್ರಿ" ಎಂದು ಹೇಳಿ, ಆಮೇಲೆ ಎತ್ತಿನ ಬಾಯಿ ತೆರೆಯುತ್ತಿದ್ದರು.

ಆದರೆ ಬಿಯೇ ಓದುವ ಹುಡುಗಿಯ ಗತಿ ಕೇಳಿ! ಅವಳು ಇಷ್ಟಪಟ್ಟು ತೆಗೆದುಕೊಂಡದ್ದು ಇತಿಹಾಸ. ಯಾವ ಯುದ್ಧದಲ್ಲಿ ಯಾರು ಯಾರಿಗೆ ಕೈಕೊಟ್ಟರು, ಯಾವ ರಾಜ ಯಾವ ಬಾಗಿಲಿನಿಂದ ಓಡಿಹೋದ ಎಂಬುದನ್ನೆಲ್ಲ ಕಣ್ಣಿಂದ ನೋಡಿ ಬಂದವಳ ಹಾಗೆ ಹೇಳುತ್ತಿದ್ದಳು. ಇಸವಿ ಕೇಳಿದರೆ ಮಾತ್ರ ಬಾಯಿಗೆ ಬೀಗ. ನೂರು ಸಲ ಬರೆದಳು, ಗೋಡೆಗೆ ಅಂಟಿಸಿದಳು, ಜೋರಾಗಿ ಓದಿ ಹಾಸ್ಟೆಲ್ಲಿನವರ ಬೈಗುಳ ತಿಂದಳು. ಬೆಳಗಾದರೆ ಎಲ್ಲಾ ಅಂಕಿಗಳೂ ಕಲಸಿ ಹೋಗಿರುತ್ತಿದ್ದವು.

ಅವಳ ಕೋಣೆಯ ಜೊತೆಗಾತಿ ದುರುಗಮ್ಮನಿಗೆ ಈ ಕಾಟವೇ ಇರಲಿಲ್ಲ. ದುರುಗಮ್ಮ ಮಸರಕಲ್ಲಿನ ಕುರಿಗಾರರ ಮನೆಯವಳು. ಅವಳು ಓದುವ ದಾರಿಯೇ ಬೇರೆ.

"ನಮ್ಮ ಹಿಂಡಿನಾಗ ಮುನ್ನೂರು ಕುರಿ ಅದಾವ. ಒಂದರ ಮಾರಿ ಮರತೀನೇನು ನಾನು? ಮತ್ತ ಈ ಗವರ್ನರ್ ಜನರಲ್‌ಗಳು ಯಾವ ದೊಡ್ಡ ಮಂದಿ ಬೇ!" ಎನ್ನುತ್ತಿದ್ದಳು.

ಒಬ್ಬೊಬ್ಬ ಗವರ್ನರ್ ಜನರಲ್‌ನಿಗೆ ಒಂದೊಂದು ಕುರಿ. ಕಿವಿ ಹರಿದದ್ದು ಕಾರ್ನ್‌ವಾಲಿಸ್. ಕಂಡವರ ಹೊಲಕ್ಕೆಲ್ಲ ನುಗ್ಗಿ ಮೇಯುವುದು ಡಾಲ್‌ಹೌಸಿ. ಹೆಚ್ಚು ಬ್ಯಾ ಎನ್ನುವುದು ಕರ್ಜನ್. ರಜೆಗೆ ಊರಿಗೆ ಹೋದಾಗ ಹಿಂಡನ್ನು ಒಂದು ಸುತ್ತು ಹಾಕಿದರೆ ಅವಳ ಓದು ಮುಗಿಯಿತು. ಒಮ್ಮೆ ಅಣ್ಣ ಸಾಬಣ್ಣ ಹಬ್ಬದ ಮುಂದೆ ಒಂದು ಕುರಿ ಮಾರಿದ. ಆ ಸಲದ ಪರೀಕ್ಷೆಯಲ್ಲಿ ದುರುಗಮ್ಮ ಬಂಗಾಳದ ವಿಭಜನೆಯ ಪ್ರಶ್ನೆಯನ್ನೇ ಬಿಟ್ಟು ಬಂದಳು. "ಕರ್ಜನ್ ಹ್ವಾದ್ನಲೇ ಲತೀಫಾ, ನಮ್ಮಣ್ಣ ಮಾರಿಬಿಟ್ಟಾನ!" ಎಂದು ಅಳುಮೋರೆ ಮಾಡಿದಳು. ಲತೀಫಾ ಹಾಸಿಗೆಯ ಮೇಲೆ ಬಿದ್ದು ಬಿದ್ದು ನಕ್ಕಳು.

ನಕ್ಕು ಸುಧಾರಿಸಿಕೊಂಡ ಮೇಲೆ ಅವಳಿಗೆ ತಟ್ಟನೆ ಹೊಳೆಯಿತು. ಇವಳಿಗೆ ಕುರಿಯ ಮುಖ ಮರೆಯದು. ತನಗೆ ಮರೆಯದ್ದು ಯಾವುದು? ಕುರ್ಡಿಯ ಶೆಟ್ಟರು ಹತ್ತು ವರ್ಷದ ಹಿಂದೆ ಕೊಂಡ ಬಿಳಿ ಜೋಡಿಯ ಬೆಲೆ ಇವತ್ತಿಗೂ ಅವಳಿಗೆ ನೆನಪಿತ್ತು, ಏಕೆಂದರೆ ಆ ಬೆಲೆಯನ್ನು ಅಪ್ಪ ಅವಳ ಬೆರಳುಗಳಲ್ಲಿ ಆಡಿ ತೋರಿಸಿದ್ದರು.

"ಕೈ ಕೊಡು ಇಲ್ಲಿ," ಎಂದು ದುರುಗಮ್ಮನ ಕೈ ಎಳೆದು, ಮೇಲೆ ದುಪಟ್ಟಾ ಹಾಸಿದಳು. ವಿಜಯನಗರದ ಸ್ಥಾಪನೆ: ಮೂರು, ಮೂರು, ಆರು. ತಾಳಿಕೋಟೆ: ಐದು, ಆರು, ಐದು. ಒಂದೇ ಮಧ್ಯಾಹ್ನದಲ್ಲಿ ಇಪ್ಪತ್ತು ಇಸವಿಗಳು ಬೆರಳಿಗೆ ಬಂದು ಕೂತವು. ಮರುದಿನ ನೋಡಿದರೆ ಇಪ್ಪತ್ತೂ ಅಲ್ಲೇ ಇವೆ! ಲತೀಫಾ ಖುಷಿಯಿಂದ ದುರುಗಮ್ಮನನ್ನು ಎತ್ತಿ ತಿರುಗಿಸಲು ಹೋಗಿ ಇಬ್ಬರೂ ನೆಲ ಕಂಡರು.

"ಆದ್ರ ಈ ದುಪಟ್ಟಾ ಯಾಕ ಬೇ? ನಾವೇನು ಇಲ್ಲಿ ಎತ್ತು ಮಾರಾಕತ್ತೀವೇನು?" ಎಂದು ದುರುಗಮ್ಮ ಬಟ್ಟೆ ಸರಿಸಿದಳು.

ಲತೀಫಾ ಬರಿಗೈಯಲ್ಲಿ ಹಿಡಿದು ನೋಡಿದಳು. ಏನೂ ಬರಲಿಲ್ಲ. ಕೈ ಕಣ್ಣಿಗೆ ಕಂಡ ಕೂಡಲೇ ಅದು ಬರೀ ಕೈ ಆಗಿಬಿಡುತ್ತಿತ್ತು. "ಮುಚ್ಚದಿದ್ರ ಬೆರಳಿಗೆ ಮಾತು ಬರಂಗಿಲ್ಲ, ಏನ್ ಮಾಡ್ಲಿ," ಎಂದು ಮತ್ತೆ ದುಪಟ್ಟಾ ಎಳೆದುಕೊಂಡಳು.

ಒಂದು ತೊಡಕು ಮಾತ್ರ ಇತ್ತು. ರಾಯಚೂರಿನ ಯುದ್ಧ ನಡೆದದ್ದು 1520ರಲ್ಲಿ. ಆ ಕೊನೆಯ ಸೊನ್ನೆಯನ್ನು ಹಿಡಿಯುವುದು ಹೇಗೆ? ಊರಿಗೆ ಹೋದಾಗ ಅಪ್ಪನನ್ನೇ ಕೇಳಿದಳು. ದಸ್ತಗೀರ್ ಸಾಬರು ಗಡ್ಡ ಸವರಿಕೊಂಡರು.

"ಸಂತ್ಯಾಗ ಸೊನ್ನಿ ಯಾರು ಹಿಡೀತಾರ ಬೇಟಿ? ಸೊನ್ನಿಗೆ ಒಂದು ಕರುನೂ ಬರಂಗಿಲ್ಲ."

"ಅಬ್ಬಾ, ಪರೀಕ್ಷಾದಾಗ ಬೇಕಲಾ."

ಕೊನೆಗೆ ಅಪ್ಪ ಮಗಳು ಸೇರಿ ಸೊನ್ನೆಯನ್ನು ಕಂಡುಹಿಡಿದರು: ಅಂಗೈಯಲ್ಲಿ ಉಗುರಿನಿಂದ ಒಂದು ಸಣ್ಣ ಕೆರೆತ.

ಇಷ್ಟೆಲ್ಲ ಆದರೂ ಮೊದಲ ವರ್ಷ ಲತೀಫಾ ಇತಿಹಾಸದಲ್ಲೇ ನಪಾಸಾದಳು! ಪಾಠ ಮಾಡುವ ಸರ್ವರಿ ಬೇಗಂ ಅವಳನ್ನು ಕರೆಸಿ, "ಅಶೋಕ ಕಳಿಂಗ ಯುದ್ಧ ಮಾಡಿದ್ದು ಯಾವಾಗಮ್ಮ?" ಎಂದು ಕೇಳಿದರು. ಲತೀಫಾ ಕೈಗಳನ್ನು ದುಪಟ್ಟಾದೊಳಗೆ ಎಳೆದುಕೊಂಡು, "ಸಾವಿರದಾ ಇನ್ನೂರಾ ಅರವತ್ತೊಂದು ಮೇಡಂ," ಎಂದಳು. ಕ್ರಿಸ್ತಪೂರ್ವದ ಅಶೋಕನನ್ನು ಒಂದೂವರೆ ಸಾವಿರ ವರ್ಷ ಈಚೆಗೆ ಎಳೆದುತಂದು ದಿಲ್ಲಿಯ ಸುಲ್ತಾನರ ಪಕ್ಕ ಕೂರಿಸಿದ್ದಳು. ಸರ್ವರಿ ಬೇಗಂ ಬೈಯಬೇಕೆಂದು ಕರೆಸಿದವರು, ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ತಪ್ಪಾದದ್ದು ಸಂತೆಯ ಪದ್ಧತಿಯಿಂದ. ಒಳ್ಳೆಯ ಜೋಡಿಯ ಬೆಲೆ ಸಾವಿರದ ಮೇಲೆ ಎಂಬುದು ಇಬ್ಬರಿಗೂ ಗೊತ್ತಿರುತ್ತದೆ. ಆ ಸಾವಿರವನ್ನು ಹಿಡಿಯುವ ಗೊಡವೆಗೆ ಯಾರೂ ಹೋಗುವುದಿಲ್ಲ. ಲತೀಫಾಳ ಕೈಯೂ ಎಲ್ಲಾ ರಾಜರಿಗೂ ತಾನಾಗಿ ಒಂದು ಸಾವಿರ ಸೇರಿಸಿಬಿಟ್ಟಿತ್ತು. ಇನ್ನು ಮುಂದೆ ಸಾವಿರ ಇಲ್ಲದ ಇಸವಿಗೆ ಮೊದಲು ಒಂದು ಸಲ ಮುಂಗೈ ಹಿಡಿಯಬೇಕು, ಕ್ರಿಸ್ತಪೂರ್ವವಾದರೆ ಎರಡು ಸಲ ಎಂದು ಹೊಸ ಕಾನೂನು ಆಯಿತು. ಮರುಪರೀಕ್ಷೆಯಲ್ಲಿ ಪಾಸಾದಳು. ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ಹಾಸ್ಟೆಲ್ಲಿನ ಅರ್ಧ ಹುಡುಗಿಯರು ಬೇವಿನ ಮರದ ಕೆಳಗೆ ಜೋಡಿ ಜೋಡಿಯಾಗಿ ಕೂತು, ಟವೆಲ್ಲು ದುಪಟ್ಟಾ ಹೊದಿಸಿಕೊಂಡು ಕೈ ಹಿಡಿದು ಓದತೊಡಗಿದ್ದರು. ಹೊರಗಿನವರು ನೋಡಿದರೆ ಈ ಹುಡುಗಿಯರಿಗೆ ಯಾರೋ ಮಾಟ ಮಾಡಿಸಿದ್ದಾರೆ ಎನ್ನಬೇಕು, ಹಾಗಿತ್ತು.

ಹೀಗೆ ಎಂಬತ್ತರ ಏಪ್ರಿಲ್ ಬಂತು. ಕೊನೆಯ ವರ್ಷದ ಕೊನೆಯ ಪರೀಕ್ಷೆ, ಇತಿಹಾಸ. ಬೆಳಿಗ್ಗೆ ಹತ್ತರಿಂದ ಒಂದು ಗಂಟೆಯವರೆಗೆ. ಬರೆಯಬೇಕಾದದ್ದು ಐದು ಪ್ರಶ್ನೆ. ದಸ್ತಗೀರ್ ಸಾಬರು ಮೊದಲ ಬಸ್ಸಿಗೇ ದೇವದುರ್ಗದಿಂದ ಬಂದು, ಬುತ್ತಿ ಹಿಡಿದು ಗೇಟಿನ ಹೊರಗೆ ಕೂತಿದ್ದರು.

ಹನ್ನೊಂದೂ ಕಾಲಿನ ಹೊತ್ತಿಗೆ ಲತೀಫಾ ಎರಡು ಪ್ರಶ್ನೆ ಮುಗಿಸಿದ್ದಳು. ಮೂರನೆಯದು ಬಹಮನಿ ರಾಜ್ಯ. ಪೆನ್ನು ಕೆಳಗಿಟ್ಟು, ಎರಡೂ ಕೈಗಳನ್ನು ದುಪಟ್ಟಾದ ಕೆಳಗೆ ಸೇರಿಸಿ, ತನ್ನ ಎಡಗೈ ಬೆರಳುಗಳನ್ನು ತಾನೇ ಹಿಡಿಯತೊಡಗಿದಳು. ಮೂರು, ನಾಲ್ಕು...

"ಕೈ ಮ್ಯಾಲ ಎತ್ತು!"

ಎದುರಿಗೆ ನಿಂತಿದ್ದವರು ಕನಕರಾಯ ಮೇಷ್ಟ್ರು. ನಕಲು ಹಿಡಿಯಲೆಂದು ಕಲಬುರ್ಗಿ ಕಡೆಯ ಕಾಲೇಜಿನಿಂದ ಬಂದವರು. ಬೇರೆ ಯಾರೇ ಆಗಿದ್ದರೂ ಆ ದನಿಗೆ ಕೈ ತಾನಾಗಿ ಮೇಲೆದ್ದು ಬಿಡುತ್ತಿತ್ತು. ಆದರೆ ಲತೀಫಾ ದಲ್ಲಾಳಿಯ ಮಗಳು. ಬಟ್ಟೆಯ ಕೆಳಗಿನ ಕೈಯನ್ನು ನಡುವೆ ತೆಗೆದರೆ ವ್ಯವಹಾರವೇ ಮುರಿದಂತೆ ಎಂದು ಕಲಿತು ಬೆಳೆದವಳು. ಇನ್ನೊಂದೇ ಅಂಕಿ ಉಳಿದಿತ್ತು. ಆ ಏಳನ್ನು ಹಿಡಿದು ಮುಗಿಸಿ, ಆಮೇಲೆ ಕೈ ಎತ್ತಿದಳು. ಮೇಷ್ಟ್ರಿಗೆ ಇನ್ನೇನು ಬೇಕು? ಚೀಟಿ ಮುಚ್ಚಿಡಲು ಹೊತ್ತು ತೆಗೆದುಕೊಂಡಳು ಎಂದು ಅವರಿಗೆ ಖಾತ್ರಿಯಾಯಿತು.

ಪ್ರಿನ್ಸಿಪಾಲರ ಕೋಣೆಗೆ ಕರೆದೊಯ್ದರು. ಸರ್ವರಿ ಬೇಗಂ ಬಂದು ತಪಾಸಣೆ ಮಾಡಿದರು. ಚೀಟಿಯೂ ಇಲ್ಲ, ಏನೂ ಇಲ್ಲ.

"ಚೀಟಿ ಇಲ್ಲಂದ್ರ ಯಾರಿಗೋ ಸನ್ನಿ ಮಾಡಾಕತ್ತಿದ್ಲು. ನಾ ಕಣ್ಣಾರೆ ನೋಡೀನಿ, ಬಟ್ಟಿ ಕೆಳಗ ಬೆರಳು ಆಡತಿದ್ವು," ಎಂದರು ಮೇಷ್ಟ್ರು.

ಲತೀಫಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಎತ್ತು ಮಾರೋ ಕೈಲೆ ಇತಿಹಾಸ ಓದತೀಯಾ? ನನ್ನೇನು ಹುಚ್ಚ ಅಂತ ಮಾಡೀಯೇನು? ಮೂರು ವರ್ಷ ಪರೀಕ್ಷಾಕ್ಕ ಕೂಡಂಗಿಲ್ಲ, ತಿಳೀತಾ?"

ಮೂರು ವರ್ಷ! ಡಿಗ್ರಿ ಹೋದರೆ ಹೋಗಲಿ ಎನ್ನುವಂತೆಯೂ ಇರಲಿಲ್ಲ. ಅದಕ್ಕಿಂತ ದೊಡ್ಡ ನೋವು ಬೇರೆ ಇತ್ತು. ದಸ್ತಗೀರನ ಮಗಳು ಬಟ್ಟೆಯ ಕೆಳಗೆ ಕಳ್ಳತನ ಮಾಡಿದಳು ಎಂಬ ಮಾತು ದೇವದುರ್ಗದ ಸಂತೆಗೆ ಮುಟ್ಟಿದರೆ, ಅಪ್ಪನ ವಲ್ಲಿಯ ಕೆಳಗೆ ಇನ್ನು ಯಾರು ಕೈ ಇಟ್ಟಾರು? ಲತೀಫಾ ಗಡಿಯಾರ ನೋಡಿದಳು. ಹನ್ನೊಂದೂ ನಲವತ್ತು.

"ನಮ್ಮ ಅಬ್ಬಾ ಗೇಟಿನ್ಯಾಗ ಕುಂತಾರ್ರಿ. ಅವ್ರನ್ನ ಕರೀರಿ. ನೀವು ಕೇಳಿದ್ದನ್ನ ನಾ ಅವ್ರ ಕೈಯಾಗ ಹೇಳತೀನಿ, ಅವ್ರು ನಿಮಗ ಹೇಳ್ಲಿ. ಅವ್ರು ಹೆಬ್ಬಟ್ಟಿನವ್ರು. ಒಂದು ಅಕ್ಷರ ಬರಂಗಿಲ್ಲ."

ದಸ್ತಗೀರ್ ಸಾಬರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ವಿಷಯ ಕೇಳುತ್ತಿದ್ದಂತೆ ಮುಖ ಕೆಂಪಾಯಿತು.

"ಇಪ್ಪತ್ತೈದು ವರ್ಷ ಆತ್ರಿ ಸಾಹೇಬ್ರ. ವಲ್ಲಿ ಕೆಳಗ ನಾ ಒಂದು ಸುಳ್ಳು ಬೆರಳು ಹಿಡಿದಿಲ್ಲ. ನನ್ನ ಮಗಳೂ ಹಿಡಿಯಂಗಿಲ್ಲ."

"ಹಂಗಾದ್ರ ತೋರಿಸ್ರಿ. ಆಕಿ ಹಿಡಿದದ್ದನ್ನ ನೀವು ಬಾಯಿಲೆ ಹೇಳಬೇಕು."

ಅಲ್ಲಿ ಸಾಬರು ತಡೆದು ನಿಂತರು. ವಲ್ಲಿಯ ಕೆಳಗಿನ ಅಂಕಿಯನ್ನು ನಾಲ್ಕು ಜನರ ಮುಂದೆ ಬಾಯಲ್ಲಿ ಆಡುವುದೇ? ಜನ್ಮದಲ್ಲಿ ಮಾಡಿದ್ದಿಲ್ಲ. ಮಗಳ ಮುಖ ನೋಡಿದರು. ಅವಳ ಕಣ್ಣು ತುಂಬಿತ್ತು. ಸರಕ್ಕನೆ ಹೆಗಲ ಮೇಲಿನ ವಲ್ಲಿ ಎಳೆದು ಇಬ್ಬರ ಕೈಮೇಲೂ ಹಾಕಿದರು.

"ಕೇಳ್ರಿ ಏನು ಕೇಳತೀರಿ."

"ತಾಳಿಕೋಟೆ ಯುದ್ಧ."

"ಐದು. ಆರು. ಐದು," ಎಂದರು ಸಾಬರು.

"ಐನೂರಾ ಅರವತ್ತೈದಾ?"

"ಸಾವಿರದ್ದು ಇಬ್ಬರಿಗೂ ಗೊತ್ತಿರತದಲ್ರೀ. ಅದನ್ನೇನು ಹಿಡಿಯೋದು?"

ಮೇಷ್ಟ್ರು ಬಿಡಲಿಲ್ಲ. ಒಂದಾದ ಮೇಲೊಂದು ಹತ್ತು ಹನ್ನೆರಡು ಯುದ್ಧ ಕೇಳಿದರು. ಓದುಬರಹ ಬಾರದ ಸಾಬರು ಪಟಪಟನೆ ಇಸವಿ ಉದುರಿಸಿದರು. ಕಳಿಂಗ ಯುದ್ಧ ಎಂದಾಗ ಸಾಬರ ಹುಬ್ಬು ಮೇಲೇರಿತು. "ಮುಂಗೈ ಎರಡು ಸಲ ಹಿಡದ್ಲ್ರಿ. ಎರಡು, ಆರು, ಒಂದು. ಇದು ಭಾಳ ಹಿಂದಿನ ವ್ಯಾಪಾರ ಕಾಣಸತದ." ಸರ್ವರಿ ಬೇಗಂ ಕಿಸಕ್ಕನೆ ನಕ್ಕುಬಿಟ್ಟರು.

"ಇದೆಲ್ಲ ಮನ್ಯಾಗ ಕುಂತು ಬಾಯಿಪಾಠ ಮಾಡಿಸಿರಬೇಕು," ಎಂದು ಮೇಷ್ಟ್ರು ಜೇಬಿಗೆ ಕೈ ಹಾಕಿ ತಮ್ಮ ಬಸ್ ಟಿಕೇಟು ತೆಗೆದರು. ಅದರ ಮೇಲಿನ ಸಂಖ್ಯೆಯನ್ನು ಲತೀಫಾಳಿಗೆ ಮಾತ್ರ ತೋರಿಸಿದರು.

"ನಾಕು," ಎಂದರು ಸಾಬರು. ಮರುಕ್ಷಣ, "ಯಾ ಅಲ್ಲಾ, ಉಗುರು ತಗಿ ಬೇಟಿ! ಸೊನ್ನಿರೀ, ಸೊನ್ನಿ. ಆಮ್ಯಾಲ ಏಳು. ಎರಡು."

ಮೇಷ್ಟ್ರು ಟಿಕೇಟು ನೋಡಿದರು. 4072. ಮತ್ತೊಮ್ಮೆ ನೋಡಿದರು. ನಿಧಾನವಾಗಿ ಅವರ ಮುಖದ ಬಿಗಿ ಇಳಿದು, ಅದರೊಳಗಿಂದ ಒಬ್ಬ ಹಳ್ಳಿ ಮನುಷ್ಯ ಹೊರಬಂದ.

"ನಮ್ಮಪ್ಪನೂ ಎತ್ತು ಕೊಳ್ಳಾಕ ಹೋಗತಿದ್ದ," ಎಂದರು. "ವಲ್ಲಿ ಕೆಳಗ ಏನ್ ಮಾಡತೀರಿ ಅಂತ ಕೇಳಿದ್ರ ತಲಿಗೆ ಒಂದು ಕೊಡತಿದ್ದ. ನನಗೂ ಸ್ವಲ್ಪ ಹೇಳಿಕೊಡ್ರಲಾ ಸಾಬರ."

"ಮೊದಲು ಎತ್ತು ತರ್ರಿ ಸಾಹೇಬ್ರ," ಎಂದರು ದಸ್ತಗೀರ್ ಸಾಬರು. ಪ್ರಿನ್ಸಿಪಾಲರೂ ಸೇರಿ ಕೋಣೆಯೆಲ್ಲ ನಕ್ಕಿತು.

ನಗು ಮುಗಿಯುವಷ್ಟರಲ್ಲಿ ಹನ್ನೆರಡು ದಾಟಿ ಐದು ನಿಮಿಷ. ಲತೀಫಾ ಓಡಿದಳು. ಹಿಂದೆಯೇ ಬಂದ ಮೇಷ್ಟ್ರು ಬಾಗಿಲಲ್ಲಿ ಮೆಲ್ಲಗೆ ಹೇಳಿದರು, "ನನಗ ನಂಬಿಕಿ ಬಂದದ ತಂಗಿ. ಆದ್ರ ಉಳಿದವ್ರು ನೋಡತಿರತಾರ. ಕೈ ಬೆಂಚಿನ ಮ್ಯಾಲ ಕಾಣೋಹಂಗ ಇಟ್ಟು ಬರಿ."

ಅವಳು ಹಾಗೆಯೇ ಮಾಡಿದಳು. ಎಡಗೈಯನ್ನು ಬೆಂಚಿನ ಮೇಲಿಟ್ಟು ಬೆರಳು ಹಿಡಿದಳು. ಏನೂ ಬರಲಿಲ್ಲ. ಈಗಷ್ಟೇ ಹಿಡಿದಿದ್ದ ಬಹಮನಿ ಇಸವಿಯೇ ಬರಲಿಲ್ಲ. ಇಡೀ ಹಾಲ್ ತನ್ನ ಕೈಯನ್ನೇ ನೋಡುತ್ತಿದೆ ಅನಿಸಿತು, ನೋಡುತ್ತಲೂ ಇತ್ತು. ಹತ್ತು ನಿಮಿಷ ಕಳೆಯಿತು. ಬೆವರು ಉತ್ತರಪತ್ರಿಕೆಯ ಮೇಲೆ ಬಿತ್ತು. ಕೋಣೆಯಲ್ಲಿ ಗೆದ್ದು ಬಂದವಳು ಬೆಂಚಿನಲ್ಲಿ ಸೋಲುತ್ತಿದ್ದಳು. ಮೂರು ಪ್ರಶ್ನೆ ಹಾಗೇ ಉಳಿದಿವೆ, ಅಪ್ಪ ತನಗೋಸ್ಕರ ಬಾಯಿಬಿಟ್ಟದ್ದೆಲ್ಲ ನೀರಿಗೆ ಹೋಯಿತು ಎಂದು ಅವಳಿಗೆ ಅಳು ಬಂತು. ಆಚೆ ಸಾಲಿನಲ್ಲಿದ್ದ ದುರುಗಮ್ಮ ತನ್ನ ಬರವಣಿಗೆ ಬಿಟ್ಟು ಇವಳನ್ನೇ ನೋಡುತ್ತಾ ಚಡಪಡಿಸುತ್ತಿದ್ದಳು.

ಬೂಟಿನ ಸದ್ದು ಹತ್ತಿರ ಬಂತು. ಕನಕರಾಯ ಮೇಷ್ಟ್ರು ಪಕ್ಕದಲ್ಲಿ ನಿಂತರು. ಖಾಲಿ ಹಾಳೆ ನೋಡಿದರು, ಬರಿಗೈ ನೋಡಿದರು. ಜೇಬಿನಿಂದ ತಮ್ಮ ಕರ್ಚೀಫು ತೆಗೆದು, ಝಾಡಿಸಿ ಬಿಚ್ಚಿ, ಅವಳ ಕೈಗಳ ಮೇಲೆ ಹರಡಿದರು. ಆಮೇಲೆ ಇಡೀ ಹಾಲಿಗೆ ಕೇಳುವಂತೆ ಹೇಳಿದರು.

"ಇದರ ಕೆಳಗ ಏನದ ಅಂತ ನಾ ನೋಡೀನಿ. ಯಾರಿಗರೆ ಸಂಶಯ ಇದ್ರ ನನ್ನ ಕೇಳ್ರಿ. ಬರಿ ತಂಗಿ, ನೀ ಬರಿ."

ಮೂರು, ನಾಲ್ಕು, ಏಳು. ಬಂತು! ಒಂದು ಬಂದದ್ದೇ ತಡ, ಸಂತೆಯ ಬಾಗಿಲು ತೆರೆದ ಹಾಗೆ ಎಲ್ಲವೂ ಬಂದವು. ಲತೀಫಾ ಬರೆದಳು. ಹಿಡಿದಳು, ಬರೆದಳು. ಅಕ್ಷರ ಸೊಟ್ಟಗಾದರೂ ಬಿಡಲಿಲ್ಲ, ಮಸಿ ಬೆರಳಿಗೆಲ್ಲ ಮೆತ್ತಿದರೂ ನಿಲ್ಲಿಸಲಿಲ್ಲ. ಒಂದರ ಗಂಟೆ ಬಾರಿಸುವಾಗ ಕೊನೆಯ ಸಾಲಿನ ಕೊನೆಯ ಪದ ಬರೆಯುತ್ತಿದ್ದಳು.

ಗೇಟಿನ ಹೊರಗೆ ದಸ್ತಗೀರ್ ಸಾಬರು ನಿಂತೇ ಇದ್ದರು. ಬುತ್ತಿ ಬಿಚ್ಚಿರಲಿಲ್ಲ. ಒಂದು ಗುಟುಕು ನೀರೂ ಕುಡಿದಿರಲಿಲ್ಲ. ಮಗಳು ಹತ್ತಿರ ಬಂದಾಗ, ಎಷ್ಟು ಬರೆದೆ ಎಂದು ಬಾಯಲ್ಲಿ ಕೇಳುವ ಬದಲು ವಲ್ಲಿಯ ತುದಿ ಎತ್ತಿ, ಅದರ ಕೆಳಗೆ ಕೈ ಚಾಚಿದರು.

ಲತೀಫಾ ಕೈ ಒಳಗಿಟ್ಟು, ಅಪ್ಪನ ಐದೂ ಬೆರಳುಗಳನ್ನು ಸೇರಿಸಿ ಗಟ್ಟಿಯಾಗಿ ಹಿಡಿದಳು.

ಸಂತೆಯಲ್ಲಿ ವಲ್ಲಿಯ ಕೆಳಗೆ ಕೈಯಿಟ್ಟಾಗ ಸಾಬರ ಮುಖದಲ್ಲಿ ಎಂದೂ ಏನೂ ಕಾಣಿಸಿದ್ದಿಲ್ಲ. ಅವತ್ತು ಎಲ್ಲವೂ ಕಂಡಿತು. ಕಣ್ಣೀರು ಗಡ್ಡಕ್ಕಿಳಿಯುತ್ತಿತ್ತು, ಬಾಯಿ ನಗುತ್ತಿತ್ತು. ಹಿಡಿದ ಕೈ ಬಿಡಲು ಇಬ್ಬರಿಗೂ ಮನಸ್ಸಾಗಲಿಲ್ಲ. ರಾಯಚೂರಿನ ಮಟಮಟ ಮಧ್ಯಾಹ್ನದಲ್ಲಿ, ಎ‌ತ್ತಿಲ್ಲ ಕರುವಿಲ್ಲ, ವಲ್ಲಿಯ ಕೆಳಗೆ ಕೈ ಸೇರಿಸಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟ ಈ ಅಪ್ಪ ಮಗಳನ್ನು ಮಂದಿ ನಿಂತು ನಿಂತು ನೋಡಿದರು. ಹಿಂದೆ ದುರುಗಮ್ಮ ಬುತ್ತಿ ಹೊತ್ತು, "ಎಷ್ಟು ಬರದೀ ಬೇ, ನನಗರೆ ಬಾಯಿಲೆ ಹೇಳ!" ಎಂದು ಕೂಗುತ್ತಾ ಬರುತ್ತಿದ್ದಳು.